ಸೊಸೆ ತಂದ ರಸ್ತೆ

ಮನೆಯಿಂದ,
ಫೆಬ್ರವರಿ ೯

ಚಿರಂಜೀವಿ ಮಗನಿಗೆ,

ಅಮ್ಮನ ಆಶೀರ್ವಾದ. ಇಲ್ಲಿ ನಾನು, ನಿನ್ನ ಹೆಂಡತಿ, ನನ್ನ ಹೊಲಿಗೆ ಯಂತ್ರ ಎಲ್ಲರೂ ಚೆನ್ನಾಗಿದ್ದೇವೆ. ಯಂತ್ರಕ್ಕೆ ಮಾತ್ರ ಸ್ವಲ್ಪ ಕೀಲುನೋವು, ಎಣ್ಣೆ ಬಿಟ್ಟರೆ ಸರಿಹೋಗುತ್ತದೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ, ಶಾಲೆಯ ಮಕ್ಕಳ ಸಮವಸ್ತ್ರವೆಲ್ಲ ಒಟ್ಟಿಗೇ ಬಂದು ತಲೆಯ ಮೇಲೆ ಬಿತ್ತು. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ಪಕ್ಕದ ಬಂಡೆಯ ಮೇಲೆ ಮಾತ್ರ. ಅಲ್ಲಿ ನಿಂತು ಮಗನ ಹತ್ತಿರ ಮಾತಾಡುವುದೂ ಒಂದೇ, ಊರಿಗೆ ಡಂಗುರ ಸಾರುವುದೂ ಒಂದೇ. ಅಲ್ಲದೆ ಫೋನಿನಲ್ಲಿ ನೀನು "ಊಟ ಆಯ್ತಾ, ಸರಿ, ಇಡ್ಲಾ" ಎಂಬುದಕ್ಕಿಂತ ಹೆಚ್ಚಿಗೆ ಆಡುವವನಲ್ಲ. ಕಾಗದವಾದರೆ ನನ್ನ ಮಾತನ್ನು ನಡುವೆ ತುಂಡರಿಸುವ ಹಾಗಿಲ್ಲ.

ಈಗ ಸುದ್ದಿಗೆ ಬರುತ್ತೇನೆ. ನಮ್ಮೂರಿಗೆ ರಸ್ತೆ ಬರುವ ಮಾತು ನಡೆದಿದೆ. ನಗಬೇಡ. ನಮ್ಮೂರಿಗೆ ಚುನಾವಣೆಗೊಮ್ಮೆ ರಸ್ತೆ ಬರುತ್ತದೆ, ಮತ ಎಣಿಸಿದ ಮೇಲೆ ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ ಎಂದು ನಿನ್ನ ಅಪ್ಪ ಹೇಳುತ್ತಿದ್ದದ್ದು ನನಗೂ ನೆನಪಿದೆ. ದೇಶದ ಹೆದ್ದಾರಿಗಳಲ್ಲೆಲ್ಲ ಲಾರಿ ಓಡಿಸುವ ನೀನೂ ಮನೆಗೆ ಬರುವಾಗ ಪೇಟೆಯಲ್ಲಿ ಇಳಿದು, ಚೀಲ ಹೆಗಲಿಗೇರಿಸಿ, ಏದುಸಿರು ಬಿಡುತ್ತ ಗುಡ್ಡ ಹತ್ತುವವನೇ. ಆದರೆ ಈ ಸಲ ರಸ್ತೆಯ ಮಾತು ತಂದವರು ಯಾವ ಮುಖಂಡರೂ ಅಲ್ಲ. ನಿನ್ನ ಹೆಂಡತಿ.

ಮಗುವನ್ನು ಕಳೆದುಕೊಂಡ ಮೇಲೆ ಅವಳು ಹೇಗಿದ್ದಳೆಂದು ನೀನು ಬಂದಿದ್ದಾಗ ನೋಡಿದ್ದೀಯ. ನೀನು ಹೊರಟುಹೋದ ಮೇಲೂ ಹಾಗೇ ಇದ್ದಳು. ಹೊಲಕ್ಕೆ ಹೋಗುವುದು, ಟೊಮೇಟೊ ಗಿಡಗಳಿಗೆ ಕಡ್ಡಿ ಕಟ್ಟುವುದು, ನೀರು ಬಿಡುವುದು, ಬರುವುದು. ಕೇಳಿದ್ದಕ್ಕೆ ಉತ್ತರ, ಅದಕ್ಕಿಂತ ಒಂದು ಅಕ್ಷರ ಹೆಚ್ಚಿಲ್ಲ. ಬಟ್ಟೆ ಹೊಲಿಸಲು ಬಂದವರೆಲ್ಲ ನನ್ನ ಕಿವಿಯ ಹತ್ತಿರ ಬಗ್ಗಿ ಸೊಸೆಗೆ ಮಾತು ನಿಂತುಹೋಯಿತೇ ಎಂದು ಪಿಸುಗುಟ್ಟುವರು. ನಾನು ಯಂತ್ರವನ್ನು ಜೋರಾಗಿ ತುಳಿಯುತ್ತಿದ್ದೆ, ಅವರ ಮಾತು ನನಗೂ ಕೇಳಿಸಬಾರದು, ಅವಳಿಗೂ ಕೇಳಿಸಬಾರದು ಎಂದು.

ಒಂದು ಬೆಳಿಗ್ಗೆ ಸಂತೆಗೆ ಟೊಮೇಟೊ ಬುಟ್ಟಿ ಹೊತ್ತು ಹೊರಟವಳು ಬಾಗಿಲಲ್ಲಿ ನಿಂತಳು.

"ಅತ್ತೆ, ಪೇಟೇಲಿ ರಸ್ತೆ ಮಾಡ್ಸೋ ಆಫೀಸು ಎಲ್ಲಿದೆ?"

"ಯಾಕಮ್ಮಾ?"

"ಕೇಳ್ಕೊಂಡು ಬರ್ತೀನಿ."

ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ಕೇಳಿಕೊಂಡು ಬರುವವಳ ಹಾಗೆ ಹೇಳಿ ಹೊರಟುಹೋದಳು. ನಾನು ಸೂಜಿಗೆ ದಾರ ಪೋಣಿಸುವುದನ್ನೂ ಮರೆತು ಕೂತಿದ್ದೆ.

ಮೊದಲ ಸಲ ಸಾಹೇಬರು ಮೀಟಿಂಗಿನಲ್ಲಿದ್ದರಂತೆ. ಮುಂದಿನ ಸಂತೆಯ ದಿನ ಅವರು ಸ್ಥಳ ನೋಡಲು ಹೋಗಿದ್ದರಂತೆ. ಅದರ ಮುಂದಿನ ಸಲ ರಜೆ. ಇವಳು ಪ್ರತಿ ಸಲ "ಸರಿ, ಕೂತಿರ್ತೀನಿ" ಎಂದು ಹೇಳಿ, ಖಾಲಿ ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡು ಬೆಂಚಿನ ಮೇಲೆ ಕೂರುವಳು. ಜಗಳವಿಲ್ಲ, ಅಳುವಿಲ್ಲ. ಕೊನೆಗೆ ಆ ಕಚೇರಿಯ ಜವಾನನೇ ಇವಳಿಗೆ ಟೀ ತಂದುಕೊಡುವಷ್ಟು ಪರಿಚಯವಾಯಿತು. ಸಂತೆ ತಪ್ಪಿದರೂ ಬೆಂಚು ತಪ್ಪಲಿಲ್ಲ. ಅಂತೂ ಇಂಜಿನಿಯರ್ ಸಿಕ್ಕರು. ನಿವೃತ್ತಿಗೆ ಹತ್ತಿರವಾದ ಮನುಷ್ಯ, ಕಡ್ಡಿಯಂಥ ಮೈ. ನಿಮ್ಮ ಊರು ಸಣ್ಣದು, ಡಾಂಬರು ರಸ್ತೆ ಮಂಜೂರಾಗುವುದಿಲ್ಲ ಎಂದು ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರಂತೆ. ಆದರೆ ಇನ್ನೊಂದು ದಾರಿ ಇದೆ, ಊರವರು ಜಾಗ ಬಿಟ್ಟುಕೊಟ್ಟು ಕೆಲಸಕ್ಕೆ ಕೈ ಹಾಕಿದರೆ ಜಲ್ಲಿ, ಮೋರಿಯ ಕೊಳವೆ, ರೋಲರ್ ಇಲಾಖೆ ಕೊಡುತ್ತದೆ, ಗಾಡಿ ಓಡುವಂಥ ಜಲ್ಲಿ ರಸ್ತೆ ಆಗುತ್ತದೆ ಎಂದರಂತೆ. ಇವಳು ಹೇಳಿದ್ದು ಇಷ್ಟೇ: "ಒಂದ್ಸಲ ನಡೆದು ನೋಡಿ ಸಾರ್. ನೋಡಿದ್ಮೇಲೆ ಆಗಲ್ಲ ಅಂದ್ರೆ ನಾನು ಮತ್ತೆ ಬರಲ್ಲ."

ಪುಣ್ಯಾತ್ಮ ಬಂದೇಬಿಟ್ಟರು. ಕಡಿದಾದ ಇಳಿಜಾರಿನಲ್ಲಿ ಕಾಲು ಜಾರಿ ದೊಪ್ಪನೆ ಕೂತರು. ನಮ್ಮ ಅಂಗಡಿಯವನು ನಗು ತಡೆಯಲಾಗದೆ ಮುಖ ಆಚೆ ತಿರುಗಿಸಿದ. ಇಂಜಿನಿಯರ್ ತಾವೇ ನಕ್ಕು, ರಸ್ತೆ ಬೇಕು ಎಂದು ನನ್ನ ಸೊಂಟವೇ ವರದಿ ಬರೆದುಬಿಟ್ಟಿತು ಎಂದರು. ಆಮೇಲೆ ನಮ್ಮ ಜಗಲಿಯಲ್ಲಿ ಕೂತು ಟೀ ಕುಡಿದರು. ರಸ್ತೆ ಕೇಳಿಕೊಂಡು ಗುಂಪು ಕಟ್ಟಿಕೊಂಡು ಬಂದವರನ್ನು ಬೇಕಾದಷ್ಟು ನೋಡಿದ್ದೇನೆ, ಒಬ್ಬಳೇ ಬಂದವಳನ್ನು, ಬರುತ್ತಲೇ ಇದ್ದವಳನ್ನು ನೋಡಿದ್ದು ಇದೇ ಮೊದಲು ಎಂದರು. ನಿಮ್ಮ ಮಗಳೇ ಎಂದು ಕೇಳಿದರು. ಸೊಸೆ ಎಂದೆ. ಅದೃಷ್ಟವಂತರು ನೀವು ಎಂದರು. ನಾನೇನು ಅಲ್ಲವೆನ್ನಲಿಲ್ಲ.

ಈಗ ತೊಡಕಿನ ವಿಷಯ. ಶಾಲೆಯ ಅಂಗಳದಲ್ಲಿ ಊರವರೆಲ್ಲ ಸೇರಿದೆವು. ಕೆಲಸಕ್ಕೆ ಬರುತ್ತೇವೆ ಎಂದು ಎಲ್ಲರೂ ಕೈ ಎತ್ತಿದರು. ಜಾಗದ ಮಾತು ಬಂದಾಗ, ರಸ್ತೆ ಸುತ್ತಿ ಇಳಿಯಬೇಕಾದದ್ದು ಹೇರು ಮಾವನ ಹೊಲದ ನಡುವೆಯೇ ಎಂದು ತಿಳಿಯಿತು. ಊರಿಗೆ ಉಪ್ಪಿನಿಂದ ಸಿಮೆಂಟಿನವರೆಗೆ ಎಲ್ಲವನ್ನೂ ಹೇಸರಗತ್ತೆಗಳ ಮೇಲೆ ಹೇರಿಕೊಂಡು ಬರುವವನು ಅವನೊಬ್ಬನೇ ತಾನೆ. ಅವನು ನಿಧಾನವಾಗಿ ಎದ್ದು ನಿಂತ.

"ಹೊಲ ಹೋಗ್ಲಿ, ಸಣ್ಣ ಹೊಲ. ರಸ್ತೆ ಬಂದ್ಮೇಲೆ ನನ್ನ ಪ್ರಾಣಿಗಳು ಏನು ತಿನ್ಬೇಕು, ನಾನೇನು ತಿನ್ಬೇಕು? ಅದನ್ನ ಯಾರಾದ್ರೂ ಹೇಳಿ, ಕೊಡ್ತೀನಿ."

ಹಿಂದಿನಿಂದ ಯಾರೋ, ಒಬ್ಬನ ಹೊಟ್ಟೆಗಾಗಿ ಊರೆಲ್ಲ ಗುಡ್ಡ ಹತ್ತುತ್ತಿರಬೇಕೇ ಎಂದು ಗೊಣಗಿದರು. ಆಗ ನಿನ್ನ ಹೆಂಡತಿ ಎದ್ದಳು. ಇಷ್ಟು ಜನರ ಎದುರು ಅವಳು ಬಾಯಿ ತೆರೆದದ್ದನ್ನು ನಾನು ನೋಡಿದ್ದೇ ಇಲ್ಲ.

"ಮಾವ ಕೇಳಿದ್ದು ತಪ್ಪಲ್ಲ. ಅದಕ್ಕೆ ಉತ್ತರ ಕೊಡೋ ತನಕ ಅವರ ಹೊಲ ಕೇಳೋಕೆ ನಮಗೆ ಬಾಯಿಲ್ಲ."

ಸಭೆ ಅಲ್ಲಿಗೇ ಮುಗಿಯಿತು. ಕೈಗೆ ಬಂದ ತುತ್ತನ್ನು ಇವಳೇ ತಟ್ಟಿ ಬೀಳಿಸಿದಳು ಎಂದು ಜನ ಬೈದುಕೊಂಡು ಹೋದರು. ನನಗೂ ಒಳಗೊಳಗೇ ಹಾಗೆಯೇ ಅನ್ನಿಸಿತು. ಆದರೆ ಹೆರಿಗೆ ನೋವು ಬಂದ ದಿನ ಇವಳನ್ನು ಮಂಚದ ಮೇಲೆ ಮಲಗಿಸಿ ಗುಡ್ಡ ಇಳಿಸುವಾಗ ಮಂಚದ ಮುಂದಿನ ಕಾಲಿಗೆ ಹೆಗಲು ಕೊಟ್ಟವನು ಹೇರು ಮಾವನೇ. ಅವಳು ಅದನ್ನು ಮರೆತಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನಿದ್ದೆ ಕಣ್ಣಿಗೆ ಹತ್ತಿದರೆ ಲಾರಿ ಪಕ್ಕಕ್ಕೆ ನಿಲ್ಲಿಸು, ಯಜಮಾನ ಬೈದರೆ ಬೈಯಲಿ. ಏನಾದರೂ ಬರೆಯಬೇಕೇ ಎಂದು ಅವಳನ್ನು ಕೇಳಿದೆ. "ನೀವು ಬರೆದಿದ್ದೀರಲ್ಲ ಅತ್ತೆ, ಸಾಕು" ಎಂದಳು.

ನಿನ್ನ ಅಮ್ಮ

*

ಮನೆಯಿಂದ,
ಜುಲೈ ೨೧

ಚಿರಂಜೀವಿ ಮಗನಿಗೆ,

ಆಶೀರ್ವಾದ. ನೀನು ಕಳಿಸಿದ ಕೊಡೆ ತಲುಪಿತು. ಬಣ್ಣ ಚೆನ್ನಾಗಿದೆ, ಆದರೆ ಇಲ್ಲಿನ ಗಾಳಿಗೆ ಅದು ಕೊಡೆಯೋ ತಾವರೆ ಹೂವೋ ತಿಳಿಯುತ್ತಿಲ್ಲ, ಹೊರಗೆ ಹೋದ ಕೂಡಲೇ ಮೇಲ್ಮುಖವಾಗಿ ಅರಳುತ್ತದೆ. ಇಷ್ಟು ದಿನ ಬರೆಯಲಿಲ್ಲವೆಂದು ಕೋಪವೇ? ಹಗಲೆಲ್ಲ ರಸ್ತೆಯ ಕೆಲಸ. ಹೌದು, ನಾನೂ ಹೋಗಿದ್ದೆ. ಕಲ್ಲು ಹೊರುವ ಮೈ ನನ್ನದಲ್ಲ, ಅದಕ್ಕೇ ಕಲ್ಲು ಹೊರುವವರಿಗೆ ಹಳೆಯ ಗೋಣಿಚೀಲ ಮಡಿಸಿ ಹೆಗಲ ಮೇಲಿಡುವ ದಿಂಬು ಹೊಲಿದುಕೊಟ್ಟೆ. ನಿನ್ನ ಹಳೆಯ ದಪ್ಪ ಪ್ಯಾಂಟು ಎರಡಿದ್ದವಲ್ಲ, ಅವೂ ಕೈಗವಸುಗಳಾದವು. ಕೇಳದೆ ಕತ್ತರಿಸಿದೆ, ಬಂದಾಗ ಜಗಳವಾಡು.

ಹೇರು ಮಾವ ಒಪ್ಪಿದ್ದು ಹೇಗೆಂದು ಹೇಳಬೇಕಲ್ಲ. ಸಭೆ ಮುರಿದ ಮೇಲೆ ಇವಳು ಅವನ ಮನೆಗೆ ಹೋಗಿ, "ಮಾವ, ಉತ್ತರ ನನ್ನ ಹತ್ರ ಇಲ್ಲ, ಹುಡುಕ್ತೀನಿ" ಎಂದಳಂತೆ. ಅವನು ಹುಲ್ಲು ಹಾಕುತ್ತಿದ್ದವನು ತಲೆಯನ್ನೂ ಎತ್ತಲಿಲ್ಲವಂತೆ. ಮರುದಿನ ಇವಳು ಕೆಳಗಿನ ಪೇಟೆಗೆ ಹೋಗಲಿಲ್ಲ, ಬುತ್ತಿ ಕಟ್ಟಿಕೊಂಡು ಮೇಲೆ ಹತ್ತಿದಳು. ನಮ್ಮ ಊರೇ ಲೋಕದ ತುದಿ ಎಂದು ನಾವು ಅಂದುಕೊಂಡಿದ್ದೇವೆ. ನಮಗಿಂತ ಮೇಲೆ ಕಣಿವೆಯಲ್ಲಿ ಇನ್ನೂ ಹಟ್ಟಿಗಳಿವೆ. ಅಲ್ಲಿಯವರು ಆಲೂಗಡ್ಡೆ, ಉಣ್ಣೆ ಎಲ್ಲವನ್ನೂ ಬೆನ್ನ ಮೇಲೆ ಹೊತ್ತು ಗುಡ್ಡದ ಆ ಕಡೆಯ ದೂರದ ದಾರಿಯಲ್ಲಿ ಇಳಿಯುತ್ತಾರೆ. ನಮ್ಮ ಕಡೆ ಇಳಿದರೆ ಹತ್ತಿರ, ಆದರೆ ನಮ್ಮ ಕಡೆ ಗಾಡಿ ಇಲ್ಲವಲ್ಲ. ಇವಳು ಒಂದೊಂದು ಹಟ್ಟಿಯಲ್ಲೂ ಕೂತು, ನಮ್ಮೂರಿನವರೆಗೆ ಗಾಡಿ ಬಂದರೆ ನೀವು ಈ ಕಡೆ ಇಳಿಯುತ್ತೀರಾ, ಹೇಸರಗತ್ತೆ ಸಿಕ್ಕರೆ ಹೊರೆ ಅದಕ್ಕೆ ಕೊಡುತ್ತೀರಾ ಎಂದು ಕೇಳಿದಳು. ಹಟ್ಟಿಯ ಹಿರಿಯರಿಬ್ಬರನ್ನು ಜೊತೆಗೇ ಕರೆದುಕೊಂಡು ಬಂದು, ಹೇರು ಮಾವನ ಕೊಟ್ಟಿಗೆಯ ಎದುರು ಕೂರಿಸಿ, "ಮಾವ, ಉತ್ತರ ಇವರ ಬಾಯಿಂದಲೇ ಕೇಳಿ" ಎಂದು ತಾನು ಪಕ್ಕಕ್ಕೆ ಸರಿದು ನಿಂತಳು.

ಅವರು ಬಹಳ ಹೊತ್ತು ಮಾತಾಡಿದರು. ಹೇರು ಮಾವ ಒಂದು ಹೇಸರಗತ್ತೆಯ ಬೆನ್ನು ಸವರುತ್ತ ಯೋಚಿಸುತ್ತಿದ್ದ. ಕೊನೆಗೆ ಇವಳ ಕಡೆ ತಿರುಗಿದ.

"ಅಂದ್ರೆ, ರಸ್ತೆ ಎಲ್ಲಿ ನಿಲ್ಲುತ್ತೋ ಅಲ್ಲಿಂದ ನನ್ನ ಕೆಲಸ ಶುರು. ಹೌದಾ?"

"ಹೌದು ಮಾವ."

"ಸರಿ. ಹೊಲ ಅಗೆಯೋಕೆ ಮೊದಲ ಗುದ್ದಲಿ ನಂದೇ."

ಹೇಳಿದ ಹಾಗೆಯೇ ಮಾಡಿದ. ತನ್ನ ಬದುವನ್ನು ತಾನೇ ಒಡೆದ. ಆ ಹೊತ್ತು ಅವನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ, ಗೋಣಿಯ ದಿಂಬುಗಳನ್ನು ಹಂಚುತ್ತ ಆ ಕಡೆ ಹೋಗಿಬಿಟ್ಟೆ. ಆಮೇಲೆ ಬೇಸಿಗೆಯೆಲ್ಲ ಅವನ ಹೇಸರಗತ್ತೆಗಳೇ ಮರಳು, ಕಲ್ಲು ಹೊತ್ತವು. ಊರು ಒಂದೇ ಮನೆಯಂತಿತ್ತು. ಗಂಡಸರು ಹಾರೆಯಲ್ಲಿ ಬಂಡೆ ಮೀಟುವರು, ಹೆಂಗಸರು ಬುಟ್ಟಿಯಲ್ಲಿ ಮಣ್ಣು ಸಾಗಿಸುವರು, ಅಂಗಡಿಯವನು ಅಳತೆಯ ಹಗ್ಗ ಹಿಡಿದು ನಿಂತು ಎಲ್ಲರಿಗೂ ಅಪ್ಪಣೆ ಕೊಡುವನು. ಅವನ ಹಗ್ಗದ ಇನ್ನೊಂದು ತುದಿ ಯಾರ ಕೈಯಲ್ಲೂ ಇರುತ್ತಿರಲಿಲ್ಲ ಎಂಬುದು ಬೇರೆ ಮಾತು.

ಈಗ ನೋವಿನ ಸುದ್ದಿ. ಮಳೆ ಮೊದಲೇ ಬಂದುಬಿಟ್ಟಿತು. ಮೋರಿ ಕಟ್ಟಿ ಮುಗಿದಿರಲಿಲ್ಲ, ಚರಂಡಿ ತೆಗೆದಿದ್ದು ಅರ್ಧ. ಹೋದ ವಾರ ಒಂದೇ ಮಳೆಗೆ ಮೇಲಿನ ತಡೆಗೋಡೆ ಜರಿದು, ಹೇರು ಮಾವನ ಹೊಲದ ಕೆಳಗಿನ ರಸ್ತೆಯ ಇಡೀ ಭಾಗ ಕೆಸರಾಗಿ ಹಳ್ಳಕ್ಕೆ ಇಳಿದುಹೋಯಿತು. ಬೆಳಿಗ್ಗೆ ಎಲ್ಲರೂ ಹೋಗಿ ನೋಡಿದೆವು. ನಾವು ಇಟ್ಟ ಕಲ್ಲುಗಳು ಹಳ್ಳದಲ್ಲಿ ಬಿದ್ದಿದ್ದವು. ಒಬ್ಬೊಬ್ಬರಾಗಿ ಮನೆಗೆ ತಿರುಗಿದರು. ಅಂಗಡಿಯವನು ಕೂಡ ತನ್ನ ಅಳತೆಯ ಹಗ್ಗ ಸುತ್ತಿಕೊಂಡು ಹೊರಟುಬಿಟ್ಟ ಎಂದರೆ ಊರಿನ ಮನಸ್ಸು ಎಷ್ಟು ಕುಸಿದಿತ್ತೆಂದು ತಿಳಿದುಕೋ.

ನಾನು ಮನೆಗೆ ಬಂದು ಒಲೆ ಹೊತ್ತಿಸಿದೆ. ಇವಳು ಬರಲಿಲ್ಲ. ಹುಡುಕಿಕೊಂಡು ಹೋದರೆ, ಪ್ಲಾಸ್ಟಿಕ್ ಹಾಳೆ ತಲೆಗೆ ಕಟ್ಟಿಕೊಂಡು, ಉಳಿದ ರಸ್ತೆಯ ಪಕ್ಕದಲ್ಲಿ ಒಬ್ಬಳೇ ಗುದ್ದಲಿ ಹಿಡಿದು ಚರಂಡಿ ಬಿಡಿಸುತ್ತಿದ್ದಳು. ಮನೆಗೆ ಬಾರಮ್ಮಾ, ಹೋದದ್ದು ಹೋಯಿತು ಎಂದೆ.

"ಹೋಗಿದ್ದು ಹೋಯ್ತು ಅತ್ತೆ. ಇದು ಇನ್ನೂ ಇದೆಯಲ್ಲ. ನೀರಿಗೆ ದಾರಿ ಬಿಡಿಸಿಕೊಡದಿದ್ರೆ ಇದೂ ಹೋಗುತ್ತೆ."

ಕಂದ, ನಾನು ಜೀವನದಲ್ಲಿ ಬೇಕಾದಷ್ಟು ಗಟ್ಟಿಗಿತ್ತಿಯರನ್ನು ನೋಡಿದ್ದೇನೆ. ಜೋರು ಬಾಯಿಯವರನ್ನು, ಜೋರು ಕೈಯವರನ್ನು. ಇಂಥವಳನ್ನು ನೋಡಿರಲಿಲ್ಲ. ಮಳೆಯಲ್ಲಿ ನಿಂತು ಅವಳನ್ನೇ ನೋಡುತ್ತಿದ್ದ ನನಗೆ ಹಿಂದಿನಿಂದ ಗಂಟೆಯ ಸದ್ದು ಕೇಳಿಸಿತು. ಹೇರು ಮಾವ ಹೇಸರಗತ್ತೆಗಳನ್ನು ಹೊಡೆದುಕೊಂಡು ಬರುತ್ತಿದ್ದ, ಬೆನ್ನ ಮೇಲೆ ಕಲ್ಲು ತುಂಬಿದ ಚೀಲಗಳು. ಕಲ್ಲನ್ನು ನೀರು ಕೊರೆಯುತ್ತಿದ್ದ ಕಡೆ ಸುರಿದ. ಮಧ್ಯಾಹ್ನದೊಳಗೆ ಅರ್ಧ ಊರು ಅಲ್ಲಿತ್ತು. ಉಳಿದರ್ಧ ನಾಚಿಕೆಯಿಂದ ಸಂಜೆ ಬಂತು.

ಇಂಜಿನಿಯರ್‌ಗೆ ಸುದ್ದಿ ಹೋಗಿದೆ. ಮಳೆ ಕಳೆದ ಮೇಲೆ ದೊಡ್ಡ ಕೊಳವೆ ಕಳಿಸುತ್ತೇನೆ, ಅಲ್ಲಿಯತನಕ ಇದ್ದದ್ದನ್ನು ಉಳಿಸಿಕೊಳ್ಳಿ ಎಂದಿದ್ದಾರೆ. ಉಳಿಸಿಕೊಳ್ಳುತ್ತಿದ್ದೇವೆ. ಈ ಕಾಗದವನ್ನು ಪೇಟೆಗೆ ಒಯ್ಯುವವರು ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದಾರೆ, ಇಲ್ಲಿಗೆ ನಿಲ್ಲಿಸುತ್ತೇನೆ. ಒದ್ದೆ ರಸ್ತೆಯಲ್ಲಿ ಬ್ರೇಕನ್ನು ನಂಬಬೇಡ. ದೇವರು ನಿನ್ನನ್ನು ಕಾಯಲಿ.

ನಿನ್ನ ಅಮ್ಮ

*

ಮನೆಯಿಂದ,
ಡಿಸೆಂಬರ್ ೪

ಚಿರಂಜೀವಿ ಮಗನಿಗೆ,

ಅಮ್ಮನ ಮನಸಾರೆ ಆಶೀರ್ವಾದ. ಈ ಸಲ ತಡವಾದದ್ದಕ್ಕೆ ಹೊಲಿಗೆಯೂ ಕಾರಣವಲ್ಲ, ಮಳೆಯೂ ಅಲ್ಲ. ಹೇಳುತ್ತೇನೆ, ಆದರೆ ಮೊದಲೇ ಒಂದು ಮಾತು: ಈಗ ನಾನು ಚೆನ್ನಾಗಿದ್ದೇನೆ, ಜಗಲಿಯ ಮೇಲೆ ಬಿಸಿಲು ಕಾಯುತ್ತ ಬರೆಯುತ್ತಿದ್ದೇನೆ, ಗಾಬರಿಯಾಗಬೇಡ.

ರಸ್ತೆ ಆಯಿತು, ಕಂದ. ಮಳೆ ನಿಂತ ಮೇಲೆ ಕೊಳವೆ ಬಂತು, ಜಲ್ಲಿ ಬಂತು, ಕೊನೆಗೆ ಆನೆಯ ಹಾಗೆ ಹೂಂಕರಿಸುತ್ತ ರೋಲರ್ ಬಂತು. ಜರಿದ ಕಡೆ ಈ ಸಲ ಎರಡು ಪಟ್ಟು ಅಗಲದ ಗೋಡೆ ಕಟ್ಟಿದರು. ಭಾಷಣವಿಲ್ಲ, ರಿಬ್ಬನ್ ಇಲ್ಲ. ಕೆಲಸ ಮುಗಿದ ದಿನ ರೋಲರ್ ಓಡಿಸುವವನು ನಮ್ಮ ಶಾಲೆಯ ಎದುರು ನಿಲ್ಲಿಸಿ ಒಂದು ಸಲ ಹಾರ್ನ್ ಹೊಡೆದ, ಅಷ್ಟೇ. ಮುದುಕರು ಅಳುತ್ತಿದ್ದರು. ಮರುದಿನ ಪೇಟೆಯಿಂದ ವ್ಯಾನ್ ಬಂತು. ಇಡೀ ಊರು ಸರದಿಯ ಮೇಲೆ ಅದರಲ್ಲಿ ಕೂತು ಕೆಳಗೆ ಹೋಗಿ ಮೇಲೆ ಬಂತು, ಪೇಟೆಯಲ್ಲಿ ಯಾರಿಗೂ ಯಾವ ಕೆಲಸವೂ ಇರಲಿಲ್ಲ. ನಾನೂ ಹೋಗಿದ್ದೆ. ಇವಳು ಮಾತ್ರ ಹತ್ತಲಿಲ್ಲ. ಚರಂಡಿಯ ಅಂಚಿನಲ್ಲಿ ನಡೆಯುತ್ತ, ನೀರು ಸರಿಯಾಗಿ ಹೋಗುತ್ತದೆಯೇ ಎಂದು ನೋಡುತ್ತಿದ್ದಳು.

ಏನೇನು ಬದಲಾಯಿತೆಂದು ಕೇಳು. ನರ್ಸಮ್ಮ ಈಗ ಔಷಧಿಯ ಪೆಟ್ಟಿಗೆಯೊಂದಿಗೆ ನಮ್ಮೂರಿಗೇ ಬರುತ್ತಾಳೆ. ಮೇಷ್ಟ್ರು ಮೊದಲಿನ ಹಾಗೆ ಮಳೆಯ ನೆಪ ಹೇಳುವಂತಿಲ್ಲ, ಪಾಪ, ಮುಖ ಬಾಡಿದೆ. ಅಂಗಡಿಯವನು ಇಷ್ಟು ವರ್ಷ ಏನು ಕೇಳಿದರೂ "ಹೇರಿ ತರಬೇಕಲ್ಲಮ್ಮಾ" ಎಂದು ಬೆಲೆ ಏರಿಸುತ್ತಿದ್ದ, ಈಗ ಹೊಸ ಕಾರಣ ಹುಡುಕುತ್ತಿದ್ದಾನೆ, ಇನ್ನೂ ಸಿಕ್ಕಿಲ್ಲ. ನಮ್ಮ ಟೊಮೇಟೊ ಬುಟ್ಟಿಯ ತಳದಲ್ಲಿ ನಜ್ಜುಗುಜ್ಜಾಗದೆ ಪೇಟೆ ಸೇರುತ್ತಿದೆ. ಮೇಲಿನ ಹಟ್ಟಿಗಳವರು ಹೇಳಿದ ಮಾತಿನಂತೆ ನಮ್ಮ ಕಡೆಗೇ ಇಳಿಯುತ್ತಿದ್ದಾರೆ. ಹೇರು ಮಾವನಿಗೆ ಪುರುಸೊತ್ತಿಲ್ಲ, ಇನ್ನೊಂದು ಹೇಸರಗತ್ತೆ ಕೊಳ್ಳುವ ಯೋಚನೆಯಲ್ಲಿದ್ದಾನೆ. ಆದರೂ ದಿನಾ ಒಂದು ಸಲ ತನ್ನ ಹೊಲ ಇದ್ದ ಜಾಗದಲ್ಲಿ ನಿಂತು ರಸ್ತೆ ನೋಡುತ್ತಾನೆ. ಹೊಲಕ್ಕಾಗಿ ಸಂಕಟವಾಗುತ್ತದೆಯೇ ಎಂದು ಕೇಳಿದೆ. ಆಗುತ್ತದೆ ಎಂದ. ನಿನ್ನ ಸೊಸೆ ಕೇಳಿದ ರೀತಿಗೆ ಇನ್ನೊಂದು ಹೊಲವಿದ್ದರೂ ಕೊಡುತ್ತಿದ್ದೆ ಎಂದೂ ಹೇಳಿದ.

ಇನ್ನು ನನ್ನ ವಿಷಯ. ಹೋದ ತಿಂಗಳು ಒಂದು ಬೆಳಿಗ್ಗೆ ಯಂತ್ರದ ಮುಂದೆ ಕೂತಿದ್ದೆ. ಎದೆಯ ಮೇಲೆ ಯಾರೋ ಬೀಸುಕಲ್ಲು ಇಟ್ಟ ಹಾಗಾಯಿತು. ನೋವು ದವಡೆಯವರೆಗೆ ಏರಿತು, ಮೈಯೆಲ್ಲ ತಣ್ಣನೆಯ ಬೆವರು. ಕೂಗಲು ಉಸಿರಿಲ್ಲ. ಕೈಯಲ್ಲಿದ್ದ ಕತ್ತರಿ ಕೆಳಗೆ ಬಿದ್ದ ಸದ್ದಿಗೆ ಇವಳು ಅಡುಗೆಮನೆಯಿಂದ ಓಡಿಬಂದಳು. ನನ್ನ ಮುಖ ನೋಡಿ ಹಾಗೇ ಗೋಡೆಗೆ ಒರಗಿಸಿ ಹೊರಗೆ ಓಡಿದಳು. ಅಂಗಡಿಯ ಎದುರು ವ್ಯಾನಿಗೆ ಟೊಮೇಟೊ ಪೆಟ್ಟಿಗೆಗಳನ್ನು ತುಂಬುತ್ತಿದ್ದರು, ನಮ್ಮವೇ. ಅಷ್ಟನ್ನೂ ರಸ್ತೆಯ ಪಕ್ಕಕ್ಕೆ ಇಳಿಸಿ, ವ್ಯಾನನ್ನು ನಮ್ಮ ಬಾಗಿಲಿಗೇ ತಂದು, ಹೇರು ಮಾವ ಮತ್ತು ಅಂಗಡಿಯವನು ನನ್ನನ್ನು ಎತ್ತಿ ಮಲಗಿಸಿದರು. ನನ್ನ ತಲೆ ಇವಳ ತೊಡೆಯ ಮೇಲೆ. ಇವಳು ವ್ಯಾನ್ ಹತ್ತಿದ್ದು ಅದೇ ಮೊದಲು.

ದಾರಿಯುದ್ದಕ್ಕೂ ಅವಳು ನನ್ನ ಕೈ ಬಿಡಲಿಲ್ಲ. "ಅತ್ತೆ, ಮೋರಿ ದಾಟಿದ್ವಿ. ಅತ್ತೆ, ಹಳ್ಳ ದಾಟಿದ್ವಿ. ಅತ್ತೆ, ಪೇಟೆ ಕಾಣ್ತಿದೆ" ಎಂದು ಹೇಳುತ್ತಲೇ ಇದ್ದಳು. ವರ್ಷವೆಲ್ಲ ಉಳಿಸಿದ್ದ ಮಾತನ್ನು ಆ ಒಂದು ಪ್ರಯಾಣದಲ್ಲಿ ಖರ್ಚು ಮಾಡಿದಳು. ನನಗೆ ಕಣ್ಣು ಮುಚ್ಚಲು ಮನಸ್ಸಾಗಲಿಲ್ಲ. ಮುಚ್ಚಿದರೆ ಯಾರಿಗೆ ಹೇಳುತ್ತಾಳೆ?

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸೂಜಿ ಹಾಕಿದರು, ಎದೆಗೆ ತಂತಿಗಳನ್ನು ಅಂಟಿಸಿದರು. ಮರುದಿನ ನನಗೆ ಮಾತಾಡುವಷ್ಟು ಚೈತನ್ಯ ಬಂದಾಗ, ಹಾಸಿಗೆಯ ಪಕ್ಕದಲ್ಲಿ ನಿಂತು ಹೇಳಿದರು:

"ಸರಿಯಾದ ಹೊತ್ತಿಗೆ ಕರ್ಕೊಂಡು ಬಂದ್ರಿ. ಇನ್ನು ಸ್ವಲ್ಪ ತಡ ಆಗಿದ್ರೆ ನಾನೂ ಏನೂ ಮಾಡೋಕೆ ಆಗ್ತಿರ್ಲಿಲ್ಲ."

ಇವಳು ತಲೆ ಆಡಿಸಿ ಹೊರಗೆ ವರಾಂಡಕ್ಕೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ತೊಳೆದುಕೊಂಡಿದ್ದಳು. ನನಗೆ ಹಣ್ಣು ಸುಲಿದುಕೊಟ್ಟಳು, ನಾನು ತಿಂದೆ.

ನಿನಗೆ ಆಗಲೇ ತಿಳಿಸಲಿಲ್ಲವೆಂದು ನೊಂದುಕೊಳ್ಳಬೇಡ, ತಿಳಿಸಬೇಡವೆಂದು ಹಟ ಮಾಡಿದವಳು ನಾನೇ. ದೂರದಲ್ಲಿ ಚಕ್ರ ಹಿಡಿದು ಕೂತವನಿಗೆ ಇಂಥ ಸುದ್ದಿ ಕೊಡಬಾರದು. ಈಗ ದಿನಾ ಮಾತ್ರೆ ನುಂಗುತ್ತೇನೆ, ಉಪ್ಪು ಕಡಿಮೆ ಮಾಡಿದ್ದೇನೆ, ಯಂತ್ರವನ್ನು ನಿಧಾನವಾಗಿ ತುಳಿಯುತ್ತೇನೆ. ಸೊಸೆಯನ್ನು ಹೀಗೆ ಹೊಗಳುವ ಅತ್ತೆ ಎಲ್ಲೂ ಇಲ್ಲ ಎಂದು ಬಟ್ಟೆ ಹೊಲಿಸಲು ಬಂದವರು ನಗುತ್ತಾರೆ. ನಗಲಿ. ಅವಳಿಂದಾಗಿ ಉಸಿರಾಡುತ್ತಿರುವವಳು ನಾನು.

ನೀನು ಓಡಾಡುವ ದಾರಿಗಳೆಲ್ಲ ನಿನಗೆ ಸುಗಮವಾಗಿರಲಿ. ಎದುರಿಗೆ ಬರುವವನಿಗೂ ಒಳ್ಳೆಯದಾಗಲಿ, ಅವನ ಮನೆಯಲ್ಲೂ ಒಬ್ಬ ತಾಯಿ ಕಾಯುತ್ತಿರುತ್ತಾಳೆ.

ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಪೆನ್ನು ಕೈಯಲ್ಲೇ ಹಿಡಿದು ಕೂತಿದ್ದೆ.

ಅಂದು ವರಾಂಡದಲ್ಲಿ ಅವಳು ಅಳುತ್ತಿದ್ದದ್ದನ್ನು ನರ್ಸ್ ನೋಡಿದ್ದಳು, ನನಗೆ ಹೇಳಿದಳು. ಮಗು ಹೋದ ದಿನವೂ ಅವಳು ಹಾಗೆ ಅತ್ತವಳಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಯಾಕಮ್ಮಾ ಎಂದು ಕೇಳಿದೆ. ಅವಳು ಹೇಳಿದಳು: "ಈ ಸಲ ನಾನು ತಡ ಮಾಡ್ಲಿಲ್ಲ ಅಲ್ವಾ ಅತ್ತೆ?"

ಆಗ ನನಗೆ ತಿಳಿಯಿತು. ಮಗು ಹೋದ ಸುದ್ದಿ ಕೇಳಿ ನೀನು ಬಂದಿದ್ದೆಯಲ್ಲ, ಚೀಲ ಕೆಳಗಿಡುವ ಮೊದಲೇ ಅವಳಿಗೆ, "ಸ್ವಲ್ಪ ಮುಂಚೆ ಹೊರಟಿದ್ರೆ ಮಗು ಉಳೀತಿತ್ತು" ಎಂದೆ. ದುಃಖದಲ್ಲಿ ಆಡಿದ ಮಾತು, ನೀನು ಮರೆತಿರುತ್ತೀಯ. ಅವಳು ಮರೆತಿಲ್ಲ. ನೋವು ಶುರುವಾದ ಕೂಡಲೇ ಹೊರಟಿದ್ದೆವು, ಮಗನೇ. ತಡ ಮಾಡಿದ್ದು ಗುಡ್ಡ, ಅವಳಲ್ಲ. ಈ ಊರಿನ ಯಾವ ಹೆಣ್ಣಿಗೂ ಇನ್ನು ಯಾರೂ ಆ ಮಾತು ಆಡಬಾರದೆಂದು ಅವಳು ಗುಡ್ಡವನ್ನೇ ಕಡಿಸಿದಳು.

ಆಮೇಲೆ ನೀನು ಬರೆದ ಕಾಗದಗಳಲ್ಲಿ ಬಂದರಿನ ಸೆಕೆ ಇದೆ, ಟೈರಿನ ತೊಂದರೆ ಇದೆ, ನನ್ನ ಮಂಡಿನೋವಿನ ವಿಚಾರಣೆ ಇದೆ. ಅವಳು ಹೇಗಿದ್ದಾಳೆ ಎಂಬ ಒಂದು ಸಾಲಿಲ್ಲ. ಅವಳು ಪ್ರತಿ ಕಾಗದವನ್ನೂ ನನ್ನಿಂದ ಓದಿಸಿ ಕೇಳುತ್ತಾಳೆ, ಕೇಳಿ ಎದ್ದು ಹೋಗುತ್ತಾಳೆ.

ಅವಳು ನಿನ್ನಿಂದ ಕ್ಷಮೆ ಕೇಳಿಸಿಕೊಳ್ಳಲು ಕಾದಿಲ್ಲ. ಮಗು ಗಂಡೋ ಹೆಣ್ಣೋ ಎಂದು ಕೇಳಿ ನೀನು ಸುಮ್ಮನಾದೆ, ಯಾರ ಹಾಗಿತ್ತು ಎಂದು ಇದುವರೆಗೂ ಕೇಳಲಿಲ್ಲ. ಆ ಮುಖವನ್ನು ಎದೆಗಪ್ಪಿಕೊಂಡು ನೋಡಿದವಳು ಅವಳು. ನನಗೂ ಗೊತ್ತು, ಆದರೆ ನಾನು ಬರೆಯುವುದಿಲ್ಲ. ಬಂದು ಅವಳನ್ನೇ ಕೇಳು.